ವಾಪಸ್ ಬರುವ ದಿನ ಯಾರ ಕೈಲಿದೆ?

ಕಳೆದ ಭಾನುವಾರ ಶ್ರೀನಿವಾಸಪುರದ ಮನೆಯಲ್ಲಿದ್ದೆ. ನಮ್ಮ ಬೀದಿಯ ಹುಡುಗಿಯೊಬ್ಬಳು ಬಂದಳು. ಸಿವಿಲ್ ಇಂಜಿನಿಯರಿಂಗ್ ಓದುತ್ತಿದ್ದಾಳೆ, ಏಳನೇ ಸೆಮಿಸ್ಟರ್. "ಅಕ್ಕಾ, ಎಂ.ಟೆಕ್‌ಗೆ ಯಾವ ಬ್ರಾಂಚ್ ತಗೊಳ್ಲಿ? ನಂಗೆ ಊರೂರು ನೋಡ್ಬೇಕು ಅಂತ ಆಸೆ. ಆದ್ರೆ ಅಮ್ಮನ್ನ ಒಬ್ಬಳನ್ನೇ ಬಿಟ್ಟು ತುಂಬಾ ದಿನ ಇರೋಕಾಗಲ್ಲ" ಅಂದಳು.

ನಾನು ಓದುವಾಗ ಇದನ್ನು ಯಾರ ಹತ್ತಿರವೂ ಕೇಳಿರಲಿಲ್ಲ. ಯಾವ ಸಬ್ಜೆಕ್ಟ್‌ನಲ್ಲಿ ಮಾರ್ಕ್ಸ್ ಚೆನ್ನಾಗಿ ಬರುತ್ತೆ ಅಂತ ಮಾತ್ರ ನೋಡಿದ್ದೆ. ಅವಳಿಗೆ ಹೇಳಿದ್ದು ಇಷ್ಟು: ಓಡಾಟ ಜಾಸ್ತಿಯೋ ಕಮ್ಮಿಯೋ ಎನ್ನುವುದಕ್ಕಿಂತ, ಹೋದಮೇಲೆ ವಾಪಸ್ ಬರುವ ದಿನ ಯಾರ ಕೈಲಿರುತ್ತೆ ಅಂತ ಮೊದಲು ತಿಳಿದುಕೋ.

ನನ್ನ ಮೊದಲ ಕೆಲಸ ಹೈವೇಯದು. ವಿಜಯಪುರದ ಕಡೆ ಸೈಟು. ಊರಿಂದ ಹೊರಟರೆ ಒಂದು ರಾತ್ರಿ ಪೂರ್ತಿ ಬಸ್ಸಿನಲ್ಲೇ ಕಳೆಯಬೇಕು. ದೂರ ನನಗೆ ಕಷ್ಟ ಅನ್ನಿಸಲಿಲ್ಲ, ಹೊಸ ಊರು, ಹೊಸ ಊಟ ಎಲ್ಲ ಇಷ್ಟವೇ ಆಯಿತು. ಕಷ್ಟ ಆಗಿದ್ದು ಕ್ಯಾಲೆಂಡರ್. ಮಳೆಯಲ್ಲಿ ಡಾಂಬರು ಹಾಕುವ ಹಾಗಿಲ್ಲ, ತೀರಾ ಒದ್ದೆಯಾದ ಮಣ್ಣಿನ ಮೇಲೆ ರೋಲರ್ ಓಡಿಸಿದರೆ ಮಣ್ಣು ಗಟ್ಟಿಯಾಗುವುದಿಲ್ಲ. ಹಾಗಾಗಿ ಜೂನ್ ಮಳೆ ಬರುವುದರೊಳಗೆ ಎಷ್ಟು ಕಿಲೋಮೀಟರ್ ಆಗುತ್ತೋ ಅಷ್ಟು ಮುಗಿಸಲೇಬೇಕು. ಏಪ್ರಿಲ್, ಮೇ ತಿಂಗಳಲ್ಲಿ ಯಾರಿಗೂ ರಜೆ ಇಲ್ಲ. ನಮ್ಮೂರಲ್ಲಿ ಮಾವಿನ ಕೊಯ್ಲು ಶುರುವಾಗುವುದೂ ಮೇ ತಿಂಗಳಲ್ಲೇ! ಅಪ್ಪನಿಗೆ ಎರಡು ಎಕರೆ ತೋಟ. ಬಾದಾಮಿ ಕೀಳಿಸಿ ಮಂಡಿಗೆ ಹಾಕುವ ಹೊತ್ತಿಗೆ ಮನೆಯಲ್ಲಿ ಇನ್ನೊಂದು ಕೈ ಬೇಕು. ಎರಡು ವರ್ಷ ನಾನು ಇರಲಿಲ್ಲ. ಎರಡನೇ ವರ್ಷ ಅಪ್ಪ ಬೆನ್ನು ಉಳುಕಿಸಿಕೊಂಡು ಮಲಗಿದಾಗಲೂ ನನಗೆ ರಜೆ ಸಿಗಲಿಲ್ಲ. ಮಳೆ ಶುರುವಾದಮೇಲೆ ಹೋಗು ಅಂದರು. ಹೋಗುವಷ್ಟರಲ್ಲಿ ತೋತಾಪುರಿಯೂ ಅರ್ಧ ಖಾಲಿಯಾಗಿತ್ತು.

ಆಮೇಲೆ ಜಿಯೋಟೆಕ್ನಿಕಲ್‌ಗೆ ಬಂದೆ. ಸುಲಭವಾಗಿ ಹೇಳಬೇಕೆಂದರೆ ಮಣ್ಣು ಪರೀಕ್ಷೆ. ತಿಂಗಳಲ್ಲಿ ಎಂಟು ಹತ್ತು ರಾತ್ರಿ ಹೊರಗೆ, ಉಳಿದದ್ದು ಲ್ಯಾಬು, ರಿಪೋರ್ಟು. ಇದು ನನಗೆ ಒಗ್ಗಿತು. ಆದರೆ ಇಲ್ಲೂ ವಾಪಸ್ ಬರುವ ದಿನ ನನ್ನ ಕೈಲಿಲ್ಲ ಅಂತ ಗೊತ್ತಾಗಿದ್ದು ಗುಡಿಬಂಡೆ ಹತ್ತಿರದ ಒಂದು ಕೆಲಸದಲ್ಲಿ.

ಓವರ್‌ಹೆಡ್ ಟ್ಯಾಂಕ್ ಕಟ್ಟಲು ನಾಲ್ಕು ಬೋರ್, ಅಂದರೆ ಕೆಳಗಿನ ಮಣ್ಣು ನೋಡಲು ಕೊರೆಯುವ ತೂತು, ಹಾಕಬೇಕಿತ್ತು. ಬೋರ್ ಒಳಗೆ ಕೊಳವೆ ಇಳಿಸಿ, 63.5 ಕೆ.ಜಿ. ತೂಕದ ಸುತ್ತಿಗೆಯನ್ನು 75 ಸೆಂ.ಮೀ. ಎತ್ತರದಿಂದ ಬೀಳಿಸುತ್ತೇವೆ. ಮೊದಲ 15 ಸೆಂ.ಮೀ. ಲೆಕ್ಕಕ್ಕಿಲ್ಲ. ಮುಂದಿನ 30 ಸೆಂ.ಮೀ. ಇಳಿಯೋಕೆ ಎಷ್ಟು ಪೆಟ್ಟು ಬಿತ್ತೋ ಅದೇ ಎನ್ ವ್ಯಾಲ್ಯೂ. ಅದು ಜಾಸ್ತಿಯಾದಷ್ಟೂ ಮಣ್ಣು ಗಟ್ಟಿ. 50 ಪೆಟ್ಟು ಹೊಡೆದರೂ 15 ಸೆಂ.ಮೀ. ಇಳಿಯದಿದ್ದರೆ ಅದು ರೆಫ್ಯೂಸಲ್. ಅಲ್ಲಿಗೆ ನಿಲ್ಲಿಸುವುದಲ್ಲ, ಕನಿಷ್ಠ 3 ಮೀಟರ್ ಕೋರ್ (ಕೊರೆದು ತೆಗೆಯುವ ಕಲ್ಲಿನ ಉರುಳೆ) ತೆಗೆದು ಕೆಳಗಿರುವುದು ನಿಜವಾಗಿಯೂ ಬಂಡೆಯೇ ಅಂತ ನೋಡುವುದು ರೂಢಿ. ಗಟ್ಟಿ ಕಲ್ಲಾದರೆ ಅದಕ್ಕೇ ಒಂದಿಡೀ ದಿನ ಹಿಡಿಯುತ್ತೆ.

ನಾಲ್ಕನೇ ಬೋರು, ಶನಿವಾರ ಮಧ್ಯಾಹ್ನ. ಮೂರೂವರೆ ಮೀಟರ್‌ಗೆ ರೆಫ್ಯೂಸಲ್ ಬಂತು. ಮಾರನೇ ದಿನ ತಂಗಿಯನ್ನು ನೋಡಲು ಗಂಡಿನ ಕಡೆಯವರು ಬರುವವರಿದ್ದರು. ಸಂಜೆ ಬಸ್ಸು ಹಿಡಿಯಲೇಬೇಕಿತ್ತು. ಸುತ್ತ ಎಲ್ಲಿ ನೋಡಿದರೂ ಬಂಡೆಯೇ ಅಲ್ವಾ, ಇದೂ ಅದೇ ಅಂದುಕೊಂಡೆ. ಕೋರ್ ತೆಗೆಯದೆ 'ಬಂಡೆ' ಅಂತ ಬರೆದು ರಿಗ್ (ಕೊರೆಯುವ ಯಂತ್ರ) ಬಿಚ್ಚಿಸಿದೆ.

ಸೋಮವಾರ ನಮ್ಮ ಸೀನಿಯರ್ ನಾಲ್ಕೂ ಹಾಳೆಗಳನ್ನು ಅಕ್ಕಪಕ್ಕ ಇಟ್ಟು ನೋಡಿದರು. ಹನ್ನೆರಡು ಮೀಟರ್ ದೂರದ ಮೂರನೇ ಬೋರ್‌ನಲ್ಲಿ ಒಂಬತ್ತು ಮೀಟರ್‌ವರೆಗೂ ಬಂಡೆ ಇಲ್ಲ. "ಇದು ಹೇಗಮ್ಮಾ?" ಅಂದರು. ರಿಗ್ ಮತ್ತೆ ಹೋಯಿತು, ನಾನೂ ಹೋದೆ. ಒಂದು ಮೀಟರ್‌ಗಿಂತ ಸ್ವಲ್ಪ ಜಾಸ್ತಿ ಗಟ್ಟಿ ಕಲ್ಲು, ಅದರ ಕೆಳಗೆ ಒದ್ದೆ ಹಳದಿ ಮಣ್ಣು. ಎನ್ ವ್ಯಾಲ್ಯೂ ಬರೀ 14. ನಮ್ಮ ಕಡೆಯ ಗ್ರಾನೈಟ್ ಬಿರುಕು ಇರುವ ಕಡೆಯಿಂದ ಕೊಳೆಯುತ್ತಾ ಹೋಗುತ್ತೆ. ಅಂಚೆಲ್ಲ ಮಣ್ಣಾಗಿ, ನಡುವಿನ ಗಟ್ಟಿ ಭಾಗ ಗುಂಡುಕಲ್ಲಾಗಿ ಮಣ್ಣಿನಲ್ಲೇ ಉಳಿಯುತ್ತೆ. ನಾನು ಬಂಡೆ ಅಂದಿದ್ದು ಅಂಥ ಒಂದು ಗುಂಡನ್ನು. ಪಾಯದ ಒಂದು ಮೂಲೆ ಅದರ ಮೇಲೆ, ಉಳಿದದ್ದು ಮೆತ್ತನೆ ಮಣ್ಣಿನ ಮೇಲೆ ಕೂತಿದ್ದರೆ ಟ್ಯಾಂಕ್ ವಾಲುವ ಸಾಧ್ಯತೆ ಇತ್ತು. ಅದರ ಕೆಳಗೆ ಮನೆಗಳಿದ್ದವು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಅವತ್ತಿಂದ ನಾನು ಮನೆಗೆ ಬರುವ ದಿನ ಹೇಳುವಾಗ ಎರಡು ದಿನ ಸೇರಿಸಿಯೇ ಹೇಳುತ್ತೇನೆ. ಬೋರ್ ಮುಗಿದ 24 ಗಂಟೆ ಆದಮೇಲೆ ನೀರಿನ ಮಟ್ಟ ಅಳೆಯಬೇಕು, ಅದಕ್ಕೂ ಒಂದು ರಾತ್ರಿ ಬೇಕು.

ಉಳಿದ ಬ್ರಾಂಚ್‌ಗಳ ವಿಷಯ ನಾನು ಗೆಳೆಯರಿಂದ ಕೇಳಿ ತಿಳಿದದ್ದು. ಸ್ಟ್ರಕ್ಚರಲ್ ಡಿಸೈನ್ ಮಾಡುವ ಗೆಳತಿ ದಿನಾ ಬಂಗಾರಪೇಟೆಯಿಂದ ಬೆಂಗಳೂರಿಗೆ ರೈಲಿನಲ್ಲಿ ಅಪ್ ಅಂಡ್ ಡೌನ್ ಮಾಡುತ್ತಾಳೆ. ಕಾಂಕ್ರೀಟ್ ಹಾಕುವ ಮೊದಲು ಕಂಬಿ ನೋಡಲು ಮಾತ್ರ ಸೈಟಿಗೆ. ರಾತ್ರಿ ಮನೆಯಲ್ಲೇ, ಆದರೆ ಹೊಸ ಊರು ನೋಡುವ ಆಸೆ ಅಲ್ಲಿ ತೀರುವುದಿಲ್ಲ. ಸುರಂಗದ ಕೆಲಸ ಹಗಲು ರಾತ್ರಿ ಶಿಫ್ಟಿನಲ್ಲಿ ನಡೆಯುತ್ತೆ. ಸೇತುವೆಯವರಿಗೆ ಹೊಳೆ ಇಳಿದಾಗಲೇ ಪಾಯದ ಕೆಲಸ. ಸರ್ಕಾರಿ ಕೆಲಸದಲ್ಲಿ ವರ್ಗಾವಣೆ ಆದೇಶ ಬಂದ ದಿನ ಪೆಟ್ಟಿಗೆ ಕಟ್ಟಬೇಕು. ನೀರಿನ ಕೆಲಸ ನಮ್ಮ ಜಿಲ್ಲೆಯವರಿಗೆ ಹತ್ತಿರದ್ದು. ಕೆ.ಸಿ. ವ್ಯಾಲಿ ಯೋಜನೆಯಲ್ಲಿ 2018ರಿಂದ ಬೆಂಗಳೂರಿನ ಸಂಸ್ಕರಿಸಿದ ನೀರು ಕೋಲಾರದ ಕೆರೆಗಳಿಗೆ ಬರುತ್ತಿದೆ. ಕೆರೆಯಿಂದ ಕೆರೆಗೆ ಕಾಲುವೆ ನೋಡಿಕೊಂಡು ಸಂಜೆಗೆ ಮನೆ ಸೇರಬಹುದು.

ಹೆಣ್ಣುಮಕ್ಕಳಿಗೆ ಇನ್ನೊಂದು ಮಾತು. ಬೋರ್ ಹಾಕುವುದು ಹೊಲದ ನಡುವೆ, ಅಲ್ಲಿ ಶೌಚಾಲಯ ಇರುವುದಿಲ್ಲ. ಹೋಗುವ ಮೊದಲೇ ಹತ್ತಿರದ ಮನೆ, ಶಾಲೆ, ಉಳಿಯುವ ಜಾಗ ವಿಚಾರಿಸಿ ಕೊಡಿ ಅಂತ ಆಫೀಸಿನವರನ್ನು ಕೇಳಿ. ನಾನು ಮೊದಲ ವರ್ಷ ಸಂಕೋಚಪಟ್ಟು ಕೇಳಲಿಲ್ಲ, ನೀರು ಕುಡಿಯದೆ ಇದ್ದು ಆಸ್ಪತ್ರೆ ಸೇರಿದ್ದೆ.

ಹುಡುಗಿ ಇನ್ನೂ ತೀರ್ಮಾನ ಮಾಡಿಲ್ಲ. ಮುಂದಿನ ತಿಂಗಳು ಪಾವಗಡದ ಹತ್ತಿರ ನಮ್ಮ ಬೋರ್ ಕೆಲಸ ಇದೆ, ಅವಳೂ ನೋಡಲು ಬರುತ್ತಾಳೆ. ಮೂರು ದಿನದ ಕೆಲಸ. ಅಮ್ಮನಿಗೆ ಐದು ದಿನ ಅಂತ ಹೇಳಿ ಬಾ ಎಂದಿದ್ದೇನೆ.