ಎಡಗಿವಿ ರಂಗದ ಕಡೆ

ಕಳೆದ ಭಾನುವಾರ ಅಪ್ಪನನ್ನು ಜೆ.ಪಿ. ನಗರದ ರಂಗಶಂಕರಕ್ಕೆ ನಾಟಕ ತೋರಿಸಲು ಕರೆದೊಯ್ದಿದ್ದೆ. ಶಂಕರ್‌ನಾಗ್ ಅವರ ನೆನಪಿನಲ್ಲಿ 2004ರಲ್ಲಿ ಬಾಗಿಲು ತೆರೆದ ಆ ರಂಗಮಂದಿರದಲ್ಲಿ ತಡವಾಗಿ ಬಂದವರನ್ನು ಒಳಗೆ ಬಿಡುವುದಿಲ್ಲ. ಈ ಕಟ್ಟುನಿಟ್ಟು ನನಗೆ ಬಹಳ ಇಷ್ಟ. ನಮ್ಮ ಟಿಕೆಟ್ಟಿನಲ್ಲಿ ಆಸನ ಸಂಖ್ಯೆ ಇರಲಿಲ್ಲವಾದ್ದರಿಂದ ಮುಕ್ಕಾಲು ಗಂಟೆ ಮೊದಲೇ ಬಂದು ಸಾಲಿನ ಮುಂಭಾಗದಲ್ಲಿ ನಿಂತಿದ್ದೆವು.

ಎಲ್ಲಿ ಕೂರಬೇಕೆಂಬುದು ನನ್ನ ಮನಸ್ಸಿನಲ್ಲಿ ಮೊದಲೇ ನಿಶ್ಚಯವಾಗಿತ್ತು. ಅಲ್ಲಿ ರಂಗವು ಪ್ರೇಕ್ಷಕರ ನಡುವಿಗೆ ಚಾಚಿಕೊಂಡಿದ್ದು, ಆಸನಗಳು ಮೂರು ಬದಿಯಿಂದ ಅದನ್ನು ಸುತ್ತುವರಿದು ಮೆಟ್ಟಿಲುಮೆಟ್ಟಿಲಾಗಿ ಏರುತ್ತವೆ. ಮೊದಲ ಸಾಲಿನಲ್ಲಿ ಕುಳಿತರೆ ಹತ್ತಿರದ ನಟನೊಬ್ಬನೇ ಕಣ್ಣು ತುಂಬುತ್ತಾನೆ, ಒಟ್ಟು ವಿನ್ಯಾಸ ತಪ್ಪಿಹೋಗುತ್ತದೆ. ಬದಿಯಲ್ಲಿ ಕುಳಿತರೆ ಆಗಾಗ ಬೆನ್ನನ್ನೇ ನೋಡಬೇಕಾಗುತ್ತದೆ. ನಾಲ್ಕೈದನೆಯ ಸಾಲಿನ ನಡುವಿನಲ್ಲಾದರೆ ಮುಖವೂ ಕಾಣುತ್ತದೆ, ಇಡೀ ರಂಗವೂ ಕಾಣುತ್ತದೆ. ಬಾಗಿಲು ತೆರೆದೊಡನೆ ಆ ಜಾಗಕ್ಕೆ ಹೋಗಿ ಅಪ್ಪನನ್ನು ಕರೆದೆ. ಅವರು ಬರಲಿಲ್ಲ.

"ಬೇಡ ಕಣಮ್ಮ, ಬಲಗಡೆ ತುದಿಗೆ ಹೋಗೋಣ. ಎಡಗಿವಿ ರಂಗದ ಕಡೆ ಇರಬೇಕು."

"ಯಾಕಪ್ಪ?"

"ಬಲಗಿವಿ ಕೇಳಿಸೋದಿಲ್ಲವಲ್ಲ."

ನನಗೆ ಗೊತ್ತಿರುವ ವಿಷಯವೆಂಬಂತೆ ಅವರು ಹೇಳಿದ ಆ 'ಅಲ್ಲ' ಈ ವಾರವಿಡೀ ನನ್ನನ್ನು ಬಿಟ್ಟಿಲ್ಲ. ನಾನು ಹಿಡಿದಿದ್ದ ಜಾಗಕ್ಕೆ ಆಗಲೇ ಯುವಕನೊಬ್ಬ ಬಂದು, ಇನ್ನೂ ಬಾರದ ಗೆಳೆಯರಿಗಾಗಿ ನಾಲ್ಕು ಕುರ್ಚಿಗಳ ಮೇಲೆ ಚೀಲಗಳನ್ನು ಇಡುತ್ತಿದ್ದ. ಸಾಲಿನಲ್ಲಿ ಕಾದು ನಿಂತವರಿಗೆ ಮಾಡುವ ಅನ್ಯಾಯವಿದು ಎಂದು ನಾನು ಈಗಲೂ ನಂಬುತ್ತೇನೆ.

ಬಲತುದಿಯಿಂದ ನನಗೆ ನಾಟಕ ಅರ್ಧಂಬರ್ಧ ಕಂಡಿತು. ಆದರೆ ಅಪ್ಪ ತಲೆಯನ್ನು ತುಸು ಬಲಕ್ಕೆ ತಿರುಗಿಸಿ, ಕಣ್ಣನ್ನು ಬಹುಪಾಲು ಮುಚ್ಚಿ, ಒಂದೊಂದು ಮಾತನ್ನೂ ಕೇಳಿಸಿಕೊಳ್ಳುತ್ತಿದ್ದರು. ವಯಸ್ಸಾದ ಕಿವಿಗೆ ಮೊದಲು ತಪ್ಪುವುದು ಸ, ಶ, ತ ಮುಂತಾದ ಸಣ್ಣ ದನಿಯ ವ್ಯಂಜನಗಳು. ನಟ ಮುಖ ತಿರುಗಿಸಿದಾಗ ಮೊದಲು ಮಸುಕಾಗುವುದೂ ಅವೇ. ನಡುವೆ ನಟಿಯೊಬ್ಬರು ಪಿಸುಮಾತಿನಲ್ಲಿ ಹೇಳಿದ ಸಾಲೊಂದನ್ನು ಅಪ್ಪ ತುಟಿಯಲ್ಲೇ ಮತ್ತೊಮ್ಮೆ ಹೇಳಿಕೊಂಡರು. ಆ ಸಾಲು ನನಗೆ ಕೇಳಿಸಿರಲೇ ಇಲ್ಲ, ಏಕೆಂದರೆ ನಾನು ಅವರನ್ನೇ ನೋಡುತ್ತಿದ್ದೆ.

ಇದುವರೆಗೆ ಎಷ್ಟೋ ನಾಟಕಗಳಿಗೆ ಅಪ್ಪನನ್ನು ನಡುಸಾಲಿಗೆ ಎಳೆದೊಯ್ದು, ಒಳ್ಳೆಯ ಜಾಗ ಕೊಡಿಸಿದೆನೆಂದು ಸಮಾಧಾನಪಟ್ಟಿದ್ದೆ. ಹೊರಗೆ ಬಂದ ಮೇಲೆ "ಚೆನ್ನಾಗಿತ್ತು" ಎಂದಷ್ಟೇ ಹೇಳಿ ಅವರು ಸುಮ್ಮನಾಗುತ್ತಿದ್ದುದನ್ನು ವಯಸ್ಸಿನ ನಿರಾಸಕ್ತಿಯೆಂದು ಭಾವಿಸಿದ್ದೆ. ಮದುವೆಮನೆಗಳಲ್ಲಿ ಅವರು ಬಲಕ್ಕೆ ಗೋಡೆಯಿರುವ ಕುರ್ಚಿಯನ್ನೇ ಹುಡುಕುತ್ತಿದ್ದುದು, ನಡೆಯುವಾಗ ನನ್ನನ್ನು ಎಡಕ್ಕೆ ಬಿಟ್ಟುಕೊಳ್ಳುತ್ತಿದ್ದುದು, ಕರೆದರೂ ತಿರುಗದಿದ್ದಾಗ ನಾನು ಮುನಿಸಿಕೊಂಡದ್ದು, ಎಲ್ಲವೂ ಈಗ ಒಂದೊಂದಾಗಿ ನೆನಪಾಗುತ್ತಿವೆ.

ಮನೆಗೆ ಬಂದು ಅಮ್ಮನಿಗೆ ಹೇಳಿದೆ. ಅಮ್ಮ ಆಶ್ಚರ್ಯಪಡಲಿಲ್ಲ. "ಮೂರು ವರ್ಷದಿಂದ ಊಟಕ್ಕೆ ನಾನು ಅವರ ಎಡಗಡೆಗೇ ಕೂರುತ್ತಿದ್ದೇನಲ್ಲ, ನೀನು ನೋಡಿಲ್ಲವೇ?" ಎಂದರು.

ಆ ಮೇಜಿನಲ್ಲಿ ಅಪ್ಪನ ಬಲಗಡೆಯ ಕುರ್ಚಿ ನನ್ನದು.