ಪಂಪು ಹಿಡಿದವನ ಸರ್ವಿಸ್

ಶಾಲೆಯ ವಾಲಿಬಾಲ್ ತಂಡದಲ್ಲಿ ಮೂರು ವರ್ಷ ಇದ್ದೆ ಎಂದು ಮಕ್ಕಳಿಗೆ ಆಗಾಗ ಹೇಳಿಕೊಂಡಿದ್ದೇನೆ. ಅದು ಸುಳ್ಳಲ್ಲ. ತಂಡದ ಫೋಟೋದಲ್ಲಿ ಮುಂದೆ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ, ಮಡಿಲಲ್ಲಿ ಚೆಂಡು ಇಟ್ಟುಕೊಂಡು ಕುಳಿತವನು ನಾನೇ. ಆದರೆ ಆ ಮೂರು ವರ್ಷಗಳಲ್ಲಿ ಪಂದ್ಯ ನಡೆಯುತ್ತಿರುವಾಗ ಒಂದು ಸಲವೂ ಗೆರೆಯ ಒಳಗೆ ಕಾಲಿಟ್ಟವನಲ್ಲ ಎಂಬುದನ್ನು ಹೇಳುವ ಸಂದರ್ಭ ಬಂದಿರಲಿಲ್ಲ, ಅಷ್ಟೆ. ನಾನು ‘ಎಕ್ಸ್‌ಟ್ರಾ’. ನೆಟ್ ಕಟ್ಟುವುದು, ಸುಣ್ಣದ ಹುಡಿಯಲ್ಲಿ ಗೆರೆ ಎಳೆಯುವುದು, ಪಕ್ಕದ ಅಡಿಕೆ ತೋಟಕ್ಕೆ ಹಾರಿದ ಚೆಂಡನ್ನು ಹೆಕ್ಕಿ ತರುವುದು ನನ್ನ ಪಾಲಿನ ಆಟ. ಎಲ್ಲಕ್ಕಿಂತ ಮುಖ್ಯವಾದದ್ದು ಚೆಂಡಿಗೆ ಗಾಳಿ ತುಂಬುವುದು.

ಆ ಕೆಲಸವನ್ನು ಕಡೆಗಣಿಸುವಂತಿರಲಿಲ್ಲ. ಇಡೀ ವರ್ಷಕ್ಕೆ ಶಾಲೆಗೆ ಒಂದೇ ಚೆಂಡು, ಅದೂ ಚರ್ಮದ್ದು. ಒಂದು ಮಳೆ ಕುಡಿದರೆ ಎಳೆ ಹಲಸಿನಷ್ಟು ತೂಗುತ್ತಿತ್ತು. ಡ್ರಿಲ್ ಮೇಷ್ಟ್ರು ಪಂಪಿನ ಸೂಜಿಯನ್ನು ಜೇಬಿನಲ್ಲಿ ಬೆಂಕಿಪೊಟ್ಟಣದೊಳಗೆ ಇಟ್ಟುಕೊಳ್ಳುತ್ತಿದ್ದರು. ಮೊದಲ ದಿನ ಅದನ್ನು ನನ್ನ ಕೈಗೆ ಕೊಟ್ಟು, “ಒಣ ಸೂಜಿ ಚುಚ್ಚಿದೆಯೋ, ವಾಲ್ವ್ ಹರಿದುಹೋಗುತ್ತದೆ. ಬಾಯಿಗೆ ಹಾಕಿ ಒದ್ದೆ ಮಾಡಿಕೊ” ಎಂದಿದ್ದರು. ಮೂರು ವರ್ಷ ಹಾಗೆಯೇ ಮಾಡಿದೆ. ಆ ಸೂಜಿಯ ತುಕ್ಕಿನ ರುಚಿ ಇವತ್ತಿಗೂ ನಾಲಿಗೆಯ ಮೇಲಿದೆ.

1993ರಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿ ಚೆದುರಿಹೋದ ನಮ್ಮನ್ನು ಮತ್ತೆ ಒಂದು ನೆಟ್‌ನ ಬುಡಕ್ಕೆ ತಂದು ನಿಲ್ಲಿಸಿದ್ದು, ಯಾರೂ ನಂಬಲಿಕ್ಕಿಲ್ಲ, ಕ್ವಾರಂಟೈನ್. ನಮ್ಮ ಶಾಲೆ ಇರುವುದು ಉಡುಪಿಯಿಂದ ಉತ್ತರಕ್ಕೆ, ಸ್ವರ್ಣಾ ನದಿಯ ಸೇತುವೆ ದಾಟಿದ ಮೇಲೆ, ಹೆದ್ದಾರಿಯಿಂದ ತುಸು ಒಳಗೆ. 2020ರ ಮೇ ತಿಂಗಳಲ್ಲಿ ಬೊಂಬಾಯಿಯಿಂದ ನಮ್ಮವರು ಸಾಲುಸಾಲಾಗಿ ಊರಿಗೆ ಬರತೊಡಗಿದರು. ಸರ್ಕಾರದ ಸೇವಾ ಸಿಂಧು ಜಾಲತಾಣದಲ್ಲಿ ಪಾಸು, ಶಿರೂರು ಗಡಿಯಲ್ಲಿ ತಪಾಸಣೆ, ಅಲ್ಲಿಂದ ಮನೆಗಲ್ಲ, ನೇರ ಕ್ವಾರಂಟೈನ್ ಕೇಂದ್ರಕ್ಕೆ. ಹಾಸ್ಟೆಲ್‌ಗಳು ಸಾಲದೆ ಶಾಲೆಗಳ ಬಾಗಿಲು ತೆರೆದರು. ಮೇ ಆರಂಭದಲ್ಲಿ ಹಸಿರು ವಲಯ ಎಂದು ಬೀಗುತ್ತಿದ್ದ ಜಿಲ್ಲೆ ಜೂನ್ ಮೊದಲ ವಾರದ ಹೊತ್ತಿಗೆ ಸೋಂಕಿನ ಲೆಕ್ಕದಲ್ಲಿ ಬೆಂಗಳೂರನ್ನೂ ಹಿಂದಿಕ್ಕಿತ್ತು. ಬಂದವರನ್ನು ಊರಿನವರು ನೋಡಿದ ಬಗೆ ಹೇಳಿಕೊಳ್ಳುವಂಥದ್ದಲ್ಲ. ವರ್ಷ ವರ್ಷ ದೇವಸ್ಥಾನದ ಜೀರ್ಣೋದ್ಧಾರಕ್ಕೆ ಯಾರ ಹಣ ಬೇಕಾಗಿತ್ತೋ ಅವರೇ ಆ ತಿಂಗಳು ಬೇಡವಾಗಿದ್ದರು.

ನಮ್ಮ ತಂಡದ ಲಿಫ್ಟರ್, ಎಂದರೆ ಸ್ಮ್ಯಾಶ್ ಹೊಡೆಯುವವನಿಗೆ ಚೆಂಡು ಎತ್ತಿಕೊಡುವವನು, ಆಗಿದ್ದವನು ಹಾಗೆ ಬಂದ. ಹತ್ತನೆಯ ತರಗತಿ ಮುಗಿದ ತಿಂಗಳೇ ಬಸ್ಸು ಹತ್ತಿ, ಹಗಲು ಹೋಟೆಲು, ರಾತ್ರಿ ಶಾಲೆ ಎಂದು ಬೊಂಬಾಯಿಯಲ್ಲಿ ಬೆಳೆದವನು. ಅವನನ್ನು ಹಾಕಿದ್ದು ನಮ್ಮ ಶಾಲೆಗೇ, ಅದರಲ್ಲೂ ನಾವು ಏಳನೆಯ ತರಗತಿಯಲ್ಲಿ ಕುಳಿತಿದ್ದ ಕೋಣೆಗೆ. ಗೇಟಿನವರೆಗೆ ಹೋಗಿ ಸ್ವಯಂಸೇವಕರ ಕೈಯಲ್ಲಿ ಗಂಜಿ, ಮಿಡಿ ಉಪ್ಪಿನಕಾಯಿ ಕೊಟ್ಟು ಬರುತ್ತಿದ್ದೆ. ಅವನು ಕಿಟಕಿಯ ಸರಳು ಹಿಡಿದುಕೊಂಡು ದೂರದಿಂದಲೇ ಫೋನಿನಲ್ಲಿ ಮಾತಾಡುತ್ತಿದ್ದ. ಒಂದು ಸಂಜೆ ಹೇಳಿದ: “ಮಾರಾಯ, ವಾಲಿಬಾಲ್ ಕಂಬ ಎರಡೂ ಇನ್ನೂ ಇವೆ. ಒಂದಕ್ಕೆ ಬಳ್ಳಿ ಹಬ್ಬಿದೆ. ಇಲ್ಲಿಂದ ಹೊರಗೆ ಬಂದ ಮೇಲೆ ಒಂದು ಆಟ ಆಡಬೇಕು.”

ಹೊರಗೆ ಬಂದ. ಆದರೆ ಆಟ ಎರಡು ವರ್ಷ ಮುಂದೆ ಹೋಯಿತು. ಎರಡನೆಯ ಅಲೆ ಬಂತು. ಅದರಲ್ಲಿ ನಮ್ಮ ತರಗತಿಯ ಇಬ್ಬರು ಹೋದರು. ಅದನ್ನು ಇಲ್ಲಿ ಬರೆಯಲು ಕೂರುವುದಿಲ್ಲ. 2022ರ ಜನವರಿ 16ಕ್ಕೆ ದಿನ ಗೊತ್ತುಮಾಡಿದೆವು. ವಾರಾಂತ್ಯ ಕರ್ಫ್ಯೂ ಬಂದು ಅದೂ ಹೋಯಿತು. ಆಮೇಲೆ ನಿರ್ಬಂಧಗಳು ಸಡಿಲವಾದರೂ ದಿನ ಹುಡುಕುವುದು ಮದುವೆಗೆ ಮುಹೂರ್ತ ಹುಡುಕಿದ್ದಕ್ಕಿಂತ ಕಷ್ಟವಾಯಿತು. ಮಾರ್ಚ್ ಕೊನೆಗೆ ಪರೀಕ್ಷೆ, ಶಾಲೆ ಸಿಗುವುದಿಲ್ಲ. ಏಪ್ರಿಲ್ 3ರಿಂದ ರಂಜಾನ್ ಉಪವಾಸ. 10ಕ್ಕೆ ರಾಮನವಮಿ. 17ಕ್ಕೆ ಈಸ್ಟರ್. ಉಳಿದ ಭಾನುವಾರಗಳಲ್ಲಿ ಯಾರದಾದರೂ ಮನೆಯಲ್ಲಿ ಕೋಲ, ಇಲ್ಲವೇ ಎರಡು ವರ್ಷದಿಂದ ಮುಂದೂಡುತ್ತ ಬಂದಿದ್ದ ಮದುವೆ. ಕೊನೆಗೆ ಮೇ 8 ಎಂದು ನಿಶ್ಚಯವಾಯಿತು. ಮೇ ಬಿಸಿಲಿನಲ್ಲಿ ನಲವತ್ತೈದು ವರ್ಷದವರು ವಾಲಿಬಾಲ್ ಆಡುವುದು ಬುದ್ಧಿವಂತಿಕೆಯೇ ಎಂದು ಕೇಳಿದವಳು ನನ್ನ ಹೆಂಡತಿ ಒಬ್ಬಳೇ.

ಬೆಳಿಗ್ಗೆ ಏಳಕ್ಕೆ ಮೈದಾನದಲ್ಲಿದ್ದೆ. ಯಾರೂ ಹೇಳಿರಲಿಲ್ಲ. ಕಾಲು ತಾನಾಗಿ ಆ ಹೊತ್ತಿಗೆ ಕರೆದುಕೊಂಡು ಹೋಯಿತು. ಬಳ್ಳಿ ಕಡಿದು, ನೆಟ್ ಬಿಗಿದು, 18 ಮೀಟರ್ ಉದ್ದ, 9 ಮೀಟರ್ ಅಗಲ ಅಳೆದು ಗೆರೆ ಎಳೆದೆ. ಮುರಕಲ್ಲಿನ ಕೆಂಪು ನೆಲದ ಮೇಲೆ ಸುಣ್ಣದ ಗೆರೆ ಬಿದ್ದಾಗ ಅಂಗಳದಲ್ಲಿ ರಂಗೋಲಿ ಹಾಕಿದ ಹಾಗೆ ಕಾಣುತ್ತದೆ. ಅಂಪೈರ್ ಆಗಿ ಬಂದವಳು ಲಿಫ್ಟರ್‌ನ ಮಗಳು. ಕಾಲೇಜು ತಂಡದಲ್ಲಿ ಆಡುವ ಹುಡುಗಿ. ಟೇಪು ಹಿಡಿದು ನೆಟ್ ಅಳೆದವಳೇ, “ಅಂಕಲ್, ಇದು ತಗ್ಗಾಯಿತು. ಗಂಡಸರಿಗೆ 2.43 ಮೀಟರ್” ಎಂದಳು. ಏರಿಸಿದೆವು. ಇಬ್ಬರು ಹಾರಿ ನೋಡಿದರು. ಬೆರಳ ತುದಿಯೂ ಮೇಲೆ ಕಾಣಿಸಲಿಲ್ಲ. ಸ್ವಲ್ಪ ಹೊತ್ತು ಗಂಭೀರ ಚರ್ಚೆ ನಡೆದು, ಕೊನೆಗೆ ಮಹಿಳೆಯರ ಎತ್ತರವಾದ 2.24ಕ್ಕೆ ಇಳಿಸುವುದೆಂದು ತೀರ್ಮಾನವಾಯಿತು. ಹುಡುಗಿ ನಗು ತಡೆದುಕೊಳ್ಳಲು ಸೀಟಿಯನ್ನು ಬಾಯಿಗೆ ಹಾಕಿಕೊಂಡಳು.

ಹೊಸ ಚೆಂಡು ಪೆಟ್ಟಿಗೆಯಿಂದ ಹೊರಬಂತು. ನೀಲಿ, ಹಳದಿ ಬಣ್ಣದ್ದು, ಹತ್ತಿಯ ಹಾಗೆ ಮೆದು. ಗಾಳಿ ಕಡಿಮೆ ಇತ್ತು. ಪಂಪನ್ನು ಯಾರೋ ನನ್ನ ಕೈಗೇ ಕೊಟ್ಟರು. ಚೆಂಡನ್ನು ಮೊಣಕಾಲುಗಳ ನಡುವೆ ಸಿಕ್ಕಿಸಿಕೊಂಡೆ, ಎಡಗೈ ಹೆಬ್ಬೆರಳಿನಿಂದ ವಾಲ್ವ್‌ನ ತೂತು ಹುಡುಕಿದೆ, ಬಲಗೈಯಲ್ಲಿದ್ದ ಸೂಜಿಯನ್ನು ಬಾಯಿಗೆ ಹಾಕಿದೆ.

“ಅಯ್ಯೋ! ಏನು ಮಾಡಿದೆ ಮಾರಾಯ!”

ಕೂಗಿದವನು ನಮ್ಮ ಬ್ಯಾಂಕಿನವನು. ಹತ್ತು ಹನ್ನೆರಡು ಮಂದಿ ಒಂದೇ ಸಲ ಎರಡು ಹೆಜ್ಜೆ ಹಿಂದೆ ಸರಿದರು. ಎರಡು ವರ್ಷ ತರಕಾರಿಯನ್ನೂ ಸೋಪು ನೀರಿನಲ್ಲಿ ತೊಳೆದವರು ನಾವು. “ಕ್ರಿಕೆಟ್‌ನಲ್ಲಿ ಚೆಂಡಿಗೆ ಉಗುಳು ಹಚ್ಚುವುದನ್ನೇ ನಿಷೇಧಿಸಿದ್ದಾರೆ, ಇವನು ಸೂಜಿ ಚೀಪುತ್ತಿದ್ದಾನೆ!” ಎಂದು ಅವನು ಐಸಿಸಿಯ ಅಧ್ಯಕ್ಷನ ಹಾಗೆ ಮಾತಾಡಿದ. ನಾನು ಸೂಜಿಯನ್ನು ತುಟಿಯ ನಡುವೆ ಹಿಡಿದುಕೊಂಡೇ ನಿಂತಿದ್ದೆ, ತೆಗೆಯಬೇಕೆಂದೂ ಹೊಳೆಯಲಿಲ್ಲ. ಮೆಡಿಕಲ್ ಶಾಪ್ ಇಟ್ಟಿರುವ ಗೆಳೆಯ ಸ್ಯಾನಿಟೈಸರ್ ಬಾಟಲಿ ತಂದು ಸೂಜಿಗೂ ನನ್ನ ಕೈಗೂ ಒತ್ತಿದ. ಆಲೋಚಿಸಿ ನನ್ನ ಬಾಯಿಯನ್ನೂ ನೋಡಿದ. ಸ್ಯಾನಿಟೈಸರ್ ಹಚ್ಚಿದ ಸೂಜಿ ಸಲೀಸಾಗಿ ಒಳಗೆ ಹೋಯಿತು ಎಂಬುದನ್ನು ಒಪ್ಪಿಕೊಳ್ಳಬೇಕು.

ಅಷ್ಟರಲ್ಲಿ ಡ್ರಿಲ್ ಮೇಷ್ಟ್ರು ಮೊಮ್ಮಗನ ಕಾರಿನಲ್ಲಿ ಬಂದಿಳಿದರು. ಎರಡು ಮಾಸ್ಕ್, ಒಂದರ ಮೇಲೊಂದು. ತೆಂಗಿನ ಮರದ ನೆರಳಿನಲ್ಲಿ ಕುರ್ಚಿ ಹಾಕಿ ಕೂರಿಸಿದೆವು. ಹೋದ ಇಬ್ಬರಿಗಾಗಿ ಒಂದು ನಿಮಿಷ ಮೌನ. ಸುಣ್ಣದ ಹುಡಿ ಮೂಗಿಗೆ ಹೋಗಿ ಯಾರಿಗೋ ಕೆಮ್ಮು ಬಂತು. ತಡೆದುಕೊಂಡ, ಮತ್ತೆ ಬಂತು. ತಲೆ ತಗ್ಗಿಸಿದ್ದವರೆಲ್ಲ ಕಣ್ಣು ಮಾತ್ರ ಹೊರಳಿಸಿ ಅವನನ್ನು ನೋಡಿದ್ದು ನನಗೆ ಚೆನ್ನಾಗಿ ನೆನಪಿದೆ.

ಒಟ್ಟು ನಾಲ್ಕು ತಂಡ. ನಮ್ಮ 1993ರ ತಂಡಕ್ಕೆ ಹೆಸರು ಕೊಟ್ಟವರು ಒಂಬತ್ತು ಮಂದಿ. ಬಂದವರಲ್ಲಿ ಆಡಬಲ್ಲವರು ಐದು. ಒಬ್ಬನಿಗೆ ಭಾವಮೈದುನನ ಮದುವೆ, ಒಬ್ಬನ ಮೊಣಕಾಲು ಹಿಂದಿನ ದಿನದ ಅಭ್ಯಾಸದಲ್ಲೇ ಮುಗಿದಿತ್ತು, ಸ್ಮ್ಯಾಶ್ ಹೊಡೆಯುತ್ತಿದ್ದ ನಮ್ಮ ಹುಲಿ ಬಿಪಿ ಮಾತ್ರೆಯ ಚೀಟಿ ತೋರಿಸಿ ಮೇಷ್ಟ್ರ ಪಕ್ಕದ ಕುರ್ಚಿ ಹಿಡಿದ. ಐವರೂ ಸುತ್ತ ನೋಡಿದರು. ಕೊನೆಗೆ ಎಲ್ಲರ ಕಣ್ಣೂ ಪಂಪು ಹಿಡಿದವನ ಮೇಲೆ ಬಂದು ನಿಂತಿತು. “ನೀನೇ ಬಾ” ಎಂದ ಲಿಫ್ಟರ್. ನೆನೆಸಿಕೊಂಡರೆ ಈಗಲೂ ಸ್ವಲ್ಪ ಸಿಟ್ಟು ಬರುತ್ತದೆ. ಇಪ್ಪತ್ತೊಂಬತ್ತು ವರ್ಷ ಕಾದ ಕರೆ ಬಂದದ್ದು ಹಾಗೆ, ಅಂಗಡಿಯಲ್ಲಿ ಚಿಲ್ಲರೆ ಇಲ್ಲದಾಗ ಕೈಗೆ ಚಾಕೊಲೇಟು ಕೊಟ್ಟಂತೆ.

ಆಟದ ಬಗ್ಗೆ ಹೇಳುವುದು ಹೆಚ್ಚಿಲ್ಲ. ಎದುರಿಗಿದ್ದವರು 1997ರವರು, ನಾಲ್ಕು ವರ್ಷ ಚಿಕ್ಕವರು, ನಾಲ್ಕು ಕಿಲೋ ಹೆಚ್ಚು. ಎರಡೂ ಕಡೆಯವರು ಚೆಂಡಿಗಿಂತ ಜಾಸ್ತಿ ಸೊಂಟ ಹಿಡಿದುಕೊಂಡರು. ಹತ್ತು ನಿಮಿಷಕ್ಕೆ ಅಂಗಿ ಮೈಗೆ ಅಂಟಿತು. ಮೆಡಿಕಲ್ ಶಾಪ್‌ನವನು ಗೆರೆಯ ಹೊರಗೆ ಪಲ್ಸ್ ಆಕ್ಸಿಮೀಟರ್ ಹಿಡಿದು ನಿಂತು, ವಿರಾಮ ಸಿಕ್ಕಾಗಲೆಲ್ಲ ಸಿಕ್ಕವರ ಬೆರಳಿಗೆ ಕಚ್ಚಿಸುತ್ತಿದ್ದ. ಕೋವಿಡ್ ಬಂದು ಹೋದ ಲಿಫ್ಟರ್‌ಗೆ ಉಸಿರು ಬೇಗ ಸೋಲುತ್ತಿತ್ತು. “97 ಇದೆ, ಆಡು” ಎಂದು ಅನುಮತಿ ಸಿಗುವವರೆಗೂ ಎದುರು ತಂಡದವರು ಕಾಯುತ್ತಿದ್ದರು. ಕಾಯುವುದು ಅವರಿಗೂ ಬೇಕಾಗಿತ್ತು.

ನಮ್ಮನ್ನು ನಿಜವಾಗಿ ಸೋಲಿಸಿದ್ದು ನಿಯಮ. ನಾವು ಆಡುತ್ತಿದ್ದಾಗ ಸರ್ವಿಸ್ ಯಾರದೋ ಅವರಿಗೆ ಮಾತ್ರ ಅಂಕ. ಸರ್ವಿಸ್ ಕಿತ್ತುಕೊಳ್ಳುವುದೇ ಅರ್ಧ ಯುದ್ಧ. 15 ಅಂಕದ ಒಂದು ಸೆಟ್ ಮುಗಿಯುವುದರೊಳಗೆ ಸಂಜೆಯ ಬಸ್ಸು ಹೊರಟುಹೋಗುತ್ತಿತ್ತು. ನಾವು ಶಾಲೆ ಬಿಟ್ಟ ಐದಾರು ವರ್ಷಕ್ಕೆ ಅದೆಲ್ಲ ಬದಲಾಗಿ, ಯಾರು ತಪ್ಪಿದರೂ ಎದುರಿನವರಿಗೆ ಅಂಕ, ಸೆಟ್ಟಿಗೆ 25 ಎಂದಾಗಿತ್ತು. ಟಿವಿಯಲ್ಲಿ ನೋಡಿ ಎಲ್ಲರಿಗೂ ಗೊತ್ತಿತ್ತು. ತಲೆಗೆ ಗೊತ್ತಿತ್ತು, ಕಾಲಿಗೆ ಗೊತ್ತಿರಲಿಲ್ಲ. ಅವರ ಚೆಂಡು ಹೊರಗೆ ಬಿದ್ದಾಗ “ಸರ್ವಿಸ್ ನಮ್ಮದು!” ಎಂದು ನಾವು ಕೂಗುತ್ತಿದ್ದೆವು, ಅಂಕದ ಹಲಗೆಯಲ್ಲಿ ಸಂಖ್ಯೆ ಏರಿದ್ದನ್ನು ಆಮೇಲೆ ನೋಡಿ ಬೆಚ್ಚುತ್ತಿದ್ದೆವು. ಕಾಲಿಗೆ ಚೆಂಡು ತಾಗಿದಾಗ ಬ್ಯಾಂಕಿನವನು ತಾನಾಗಿಯೇ ಕೈ ಎತ್ತಿ ತಪ್ಪೊಪ್ಪಿಕೊಂಡ. “ಅಂಕಲ್, ಕಾಲಿಗೆ ತಾಗಿದರೂ ಸರಿಯೇ, ಆಟ ಮುಂದುವರಿಸಿ” ಎಂದು ಹುಡುಗಿ ಹೇಳುವಷ್ಟರಲ್ಲಿ ಚೆಂಡು ಬಾವಿಕಟ್ಟೆ ಸೇರಿತ್ತು.

ಸುತ್ತು ತಿರುಗಿ ನನ್ನ ಸರ್ವಿಸ್ ಬಂತು. ನಾವು 11, ಅವರು 16. ಹಿಂದಿನ ಗೆರೆಯ ಬಲ ಮೂಲೆಗೆ ಹೋಗಿ ನಿಂತೆ. ನಮಗೆ ಸರ್ವಿಸ್ ಮಾಡಲು ಇದ್ದ ಜಾಗ ಆ ಮೂರು ಮೀಟರ್ ಮಾತ್ರ. ಈಗ ಗೆರೆಯ ಉದ್ದಕ್ಕೂ ಎಲ್ಲಿಂದ ಬೇಕಾದರೂ ಹೊಡೆಯಬಹುದು. ಅದನ್ನು ಹುಡುಗಿ ಹೇಳಿದಳು. ನಾನು ಕದಲಲಿಲ್ಲ. ಎಡಗೈಯಲ್ಲಿ ಚೆಂಡು ಹಿಡಿದು ಕೆಳಗಿನಿಂದ ಬಲಗೈ ಬೀಸಿದೆ. ಅಂಗೈಯ ಬುಡಕ್ಕೆ ಚೆಂಡು ತಾಗಿದ ಸದ್ದು ಚೆನ್ನಾಗಿಯೇ ಇತ್ತು. ಚೆಂಡು ಮೇಲೇರಿ, ನೆಟ್‌ನ ಬಿಳಿ ಪಟ್ಟಿಯ ಮೇಲೆ ಬಿದ್ದು, ಹೋಗಲೋ ಬೇಡವೋ ಎಂದು ಒಂದು ಕ್ಷಣ ಅಲ್ಲೇ ಕುಳಿತು, ಆ ಕಡೆಗೆ ಉರುಳಿತು.

ನಾನು ತಲೆ ತಗ್ಗಿಸಿ ನನ್ನ ಜಾಗಕ್ಕೆ ಹೊರಟೆ. ಸರ್ವಿಸ್ ನೆಟ್‌ಗೆ ತಾಗಿದರೆ ಹೋಯಿತು, ಅದೇ ನಾವು ಕಲಿತದ್ದು. ಎದುರಿನವರೂ ಅದನ್ನೇ ಕಲಿತವರು. ಅವರಲ್ಲೊಬ್ಬ ಕೈ ಕೂಡ ಚಾಚದೆ, ಚೆಂಡು ತನ್ನ ಕಾಲ ಬುಡದಲ್ಲಿ ಬೀಳುವುದನ್ನು ನೋಡಿ, ಅದನ್ನೆತ್ತಿಕೊಂಡು ಸರ್ವಿಸ್ ಮಾಡಲು ಹಿಂದಕ್ಕೆ ನಡೆದ. ಹನ್ನೆರಡು ಮಂದಿಯಲ್ಲಿ ಒಬ್ಬನಿಗೂ ಅನುಮಾನವಿರಲಿಲ್ಲ. ಸೀಟಿ ಊದಿತು. ಹುಡುಗಿಯ ಕೈ ನಮ್ಮ ಕಡೆಗೆ ಚಾಚಿತ್ತು.

ಗಲಾಟೆ ಎದ್ದಿತು. ಎದುರಿನವರಷ್ಟೇ ಅಲ್ಲ, ನಮ್ಮ ಬ್ಯಾಂಕಿನವನೂ ನ್ಯಾಯದ ಪರ ನಿಂತು ನನ್ನ ವಿರುದ್ಧ ವಾದಿಸಿದ. ವಿಷಯ ಮೇಷ್ಟ್ರ ಕುರ್ಚಿಯವರೆಗೆ ಹೋಯಿತು. ಅವರು ಮಾಸ್ಕ್ ಕೆಳಗೆಳೆದು ಕೇಳಿದರು, “ಪುಸ್ತಕದಲ್ಲಿ ಹಾಗೆ ಇದೆಯಾ ಮಗಳೇ?”

“ಇದೆ ಸರ್. ಸರ್ವಿಸ್ ನೆಟ್‌ಗೆ ತಾಗಿ ಆ ಕಡೆ ಬಿದ್ದರೂ ಸರಿ.”

“ಹಾಗಾದರೆ ಅಂಕ ಅಂಕವೇ.” ಕಣ್ಣು ಕಿರಿದು ಮಾಡಿ ನನ್ನ ಕಡೆ ನೋಡಿದರು. “ಅದು ಪಂಪಿನವನಲ್ಲವಾ? ಅವನಿಗೆ ಸರ್ವಿಸ್ ಮಾಡಲು ಹೇಳಿದ್ದು ಯಾರು?”

ಎರಡನೆಯ ಸರ್ವಿಸ್‌ಗೆ ಎಲ್ಲ ಬಲ ಹಾಕಿದೆ. ಚೆಂಡು ನೆಟ್, ಎದುರು ತಂಡ, ಹಿಂದಿನ ಗೆರೆ, ಮುರಕಲ್ಲಿನ ಪಾಗಾರ ಎಲ್ಲವನ್ನೂ ದಾಟಿ ತೋಟಕ್ಕೆ ಹೋಯಿತು. ಪಾಗಾರದ ಸಂದಿಯ ಹತ್ತಿರ ತಲುಪಿ ಬಗ್ಗಿದಾಗ ಹಿಂದಿನಿಂದ ಕೂಗು ಕೇಳಿತು: “ಅಂಕಲ್, ನೀವು ಆಟಗಾರ! ಒಳಗೆ ಬನ್ನಿ, ಚೆಂಡು ಬೇರೆಯವರು ತರುತ್ತಾರೆ!”

ಸೋತೆವು, 25–14. ಎರಡನೆಯ ಸೆಟ್ಟಿನ ಅಂಕ ಹೇಳುವುದಿಲ್ಲ. ಕ್ಯಾಟರಿಂಗ್ ಮಾಡುವ ಗೆಳೆಯ ಕೋರಿ ರೊಟ್ಟಿ, ಪುನರ್ಪುಳಿ ಶರಬತ್ತು ತಂದಿದ್ದ. ಊಟದಲ್ಲಿ ಅಂತರ ಕಾಯ್ದುಕೊಳ್ಳಬೇಕೆಂಬ ಮಾತು ಮೊದಲ ರೊಟ್ಟಿ ಸಾರಿನಲ್ಲಿ ನೆನೆಯುವವರೆಗೆ ನಡೆಯಿತು. ಲಿಫ್ಟರ್ ಮಾತ್ರ ತಟ್ಟೆ ಹಿಡಿದುಕೊಂಡು ಆ ಏಳನೆಯ ತರಗತಿಯ ಜಗಲಿಗೆ ಹೋದ. ಕಿಟಕಿಯ ಹೊರಗೆ ನಿಂತು ಒಳಗೆ ಇಣುಕಿದ. ಮಗಳನ್ನು ಕರೆದು ಮೂಲೆಯಲ್ಲಿ ಏನನ್ನೋ ತೋರಿಸಿದ. ಅವಳು ಸರಳಿನ ನಡುವಿನಿಂದ ಮೊಬೈಲ್ ತೂರಿಸಿ ಅದರ ಫೋಟೋ ತೆಗೆದಳು. ನಾನು ಹತ್ತಿರ ಹೋಗಲಿಲ್ಲ.

ನಾಲ್ಕು ಗಂಟೆಗೆ ಮೈದಾನ ಖಾಲಿ. ನೆಟ್ ಬಿಚ್ಚಿ, ಹಗ್ಗ ಸಿಕ್ಕಾಗದ ಹಾಗೆ ಮೊಣಕೈಗೆ ಸುತ್ತಿ ಮಡಚಿದೆ. ಚೆಂಡನ್ನು ಬಿಗಿ ಗಾಳಿಯಲ್ಲೇ ಕಪಾಟಿಗೆ ಹಾಕಬಾರದು, ಸ್ವಲ್ಪ ಬಿಟ್ಟು ಇಡಬೇಕು ಎಂಬುದೂ ಮೇಷ್ಟ್ರ ಪಾಠವೇ. ಸ್ಯಾನಿಟೈಸರ್ ಬಾಟಲಿ ಮೆಡಿಕಲ್ ಶಾಪ್‌ನವನ ಜೊತೆ ಹೋಗಿತ್ತು. ಚೆಂಡನ್ನು ಮೊಣಕಾಲುಗಳ ನಡುವೆ ಸಿಕ್ಕಿಸಿಕೊಂಡು ಒಮ್ಮೆ ಗೇಟಿನ ಕಡೆ, ಒಮ್ಮೆ ಜಗಲಿಯ ಕಡೆ ನೋಡಿದೆ. ಯಾರೂ ಇರಲಿಲ್ಲ. ಸೂಜಿಯನ್ನು ಬಾಯಿಗೆ ಹಾಕಿಕೊಂಡೆ.