80 ಮೀಟರ್ ಹಗ್ಗ

ನಿನ್ನೆ ರಾತ್ರಿಯಿಂದ ಪಡಸಾಲಿಯೊಳಗ ನಾನು ಬಂಡೆ ಏರಾಕ ಬಳಸೂ ಎರಡು ಹಗ್ಗ ಬಿಚ್ಚಿಕೊಂಡು ಬಿದ್ದಾವ. ಒಂದು 60 ಮೀಟರಿಂದು, 9.8 ಮಿಲಿಮೀಟರ್ ದಪ್ಪ. ಬಾದಾಮಿಯ ಕೆಂಪು ಬಂಡೆ ಮ್ಯಾಲ 3 ವರ್ಷ ನನ್ನ ಜೀವ ಹಿಡಿದದ್ದು. ಮರಳುಗಲ್ಲಿನ ಪುಡಿ ಕೂತು ಮೈಯೆಲ್ಲಾ ಒರಟಾಗೇತಿ. ಇನ್ನೊಂದು ಹೊಸಾದು, 80 ಮೀಟರ್, 9.5.

ಹೊಂಟಿದ್ದು ಗ್ರೀಸಿನ ಕಾಲಿಮ್ನೋಸ್ ದ್ವೀಪಕ್ಕ. ಅಲ್ಲಿಂದು ಸುಣ್ಣದಕಲ್ಲು, ಏರೂ ದಾರಿಗಳೂ ಉದ್ದ. ಹಗ್ಗ ಮ್ಯಾಲಿನ ಕೊಂಡಿತನಕ ಹೋಗಿ ತಿರುಗಿ ಕೆಳಗ ಬರತೈತಿ, ಅದಕ್ಕ 35 ಮೀಟರ್ ಏರಿದವನನ್ನ ಕೆಳಗಿಳಸಾಕ 70 ಮೀಟರ್ ಹಗ್ಗ ಬೇಕು. 60ರದ್ದು ನೆಲ ಮುಟ್ಟೂಕಿಂತ ಮೊದಲ ಮುಗೀತೈತಿ. ತುದಿಗೆ ಗಂಟು ಇರದಿದ್ದರ ಬಿಲೇ ಹಿಡಿದವನ, ಅಂದರ ಕೆಳಗ ನಿಂತು ಹಗ್ಗ ಸಂಭಾಳಿಸೂವನ, ಕೈಯಿಂದ ಜಾರೇ ಹೋಗತೈತಿ. ಎರಡೂ ಒಯ್ದರ ಹಗ್ಗದ ತೂಕನ ಸುಮಾರು 8.5 ಕಿಲೋ.

ಅವ್ವ ಬಾಗಿಲದಾಗ ನಿಂತು, "ಬಾವಿ ಆಳ ನೋಡಿ ಹಗ್ಗ ಒಯ್ಯಬೇಕು ತಮ್ಮಾ" ಅಂದಳು.

ಅಜ್ಜ ಹೊಲಕ್ಕ ಹೋಗೂ ಮುಂದ ಮಿಣಿಯನ್ನ ಹಿಂಗ ಮೊಳ ಮೊಳ ಮುಟ್ಟಿ ನೋಡತಿದ್ದ. ನಾನೂ ತುದಿಯಿಂದ ತುದಿತನಕ ಬೆರಳಾಡಿಸಿ, ಎಲ್ಲರೆ ಮೆತ್ತಗಾಗೇತೇನು ಅಂತ ನೋಡಿದೆ. 80ರದ್ದು ಚೀಲ ಸೇರಿತು. ಹಳೇದನ್ನ ಸುತ್ತಿ ಗೂಟಕ್ಕ ಹಾಕೀನಿ, ಆದರ ಅದನ್ನ ಬಿಟ್ಟು ಹೋಗಾಕ ಮನಸು ಒಲ್ಲೆ ಅಂತೈತಿ.